ಜಪಾನಿ ವಾಕ್ಯದ ವಿಭಕ್ತಿ ಬಿಡಿಸುವ ಬಗೆ

ಜಪಾನಿ ಕಲಿಯಲು ಕೂತ ಕನ್ನಡಿಗರಿಗೆ ಮೊದಲ ಕೆಲವು ತಿಂಗಳು ಹಬ್ಬ. ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದದ ಬೆನ್ನಿಗೆ ಪ್ರತ್ಯಯ ಅಂಟುತ್ತದೆ, ‘ನಿನ್ನೆ ಕೊಂಡ ಪುಸ್ತಕ’ ಎನ್ನುವ ಜೋಡಣೆ ಪದಕ್ಕೆ ಪದ ಹಾಗೇ ಕೂರುತ್ತದೆ. ತೊಡಕು ಶುರುವಾಗುವುದು ಆಮೇಲೆ. ಸಾಮಾನ್ಯವಾಗಿ ಕರ್ತೃವಿಗೆ ಹತ್ತುವ ‘ಗ’ ಪ್ರತ್ಯಯ ಒಂದೇ ವಾಕ್ಯದಲ್ಲಿ ಎರಡು ಸಲ ಬರುತ್ತದೆ. ‘ನಿ’ (ನಮ್ಮ ‘-ಗೆ’ ಥರದ್ದು) ಹಚ್ಚಿಕೊಂಡ ಪದ ಕರ್ತೃವಿನ ಹಾಗೆ ನಡೆದುಕೊಳ್ಳುತ್ತದೆ. ಕರ್ಮ ಎಂದುಕೊಂಡಿದ್ದು ‘ಒ’ (ನಮ್ಮ ‘-ಅನ್ನು’) ಬಿಟ್ಟು ‘ಗ’ ತೊಟ್ಟುಕೊಂಡು ಬರುತ್ತದೆ. ಅಂಥ ವಾಕ್ಯವನ್ನು ಮುಂದಿಟ್ಟುಕೊಂಡು ಬಿಡಿಸುವ ಕ್ರಮ ಇಲ್ಲಿದೆ. ಭಾಷಾವಿಜ್ಞಾನದ ವಿದ್ಯಾರ್ಥಿಗೂ ಮಧ್ಯಮ ಹಂತ ದಾಟಿದ ಕಲಿಕೆಯವರಿಗೂ ಕೆಲಸಕ್ಕೆ ಬರುತ್ತದೆ.

ಒಂದು ಭೇದವನ್ನು ಶುರುವಿನಲ್ಲೇ ಗಟ್ಟಿ ಮಾಡಿಕೊಳ್ಳಿ: ಕಾರಕ ಬೇರೆ, ವಿಭಕ್ತಿ ಬೇರೆ. ಯಾರು ಮಾಡಿದರು, ಯಾವುದಕ್ಕೆ ಏನಾಯಿತು ಎನ್ನುವುದು ಕಾರಕ, ಅಂದರೆ ಅರ್ಥದ ಸಂಗತಿ. ಪದದ ಮೇಲೆ ಕಾಣುವ ಗುರುತು ವಿಭಕ್ತಿ. ಶಾಲೆಯ ವ್ಯಾಕರಣ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವುದರಿಂದ ‘ಪ್ರಥಮಾ ಎಂದರೆ ಕರ್ತೃ’ ಎಂಬ ರೂಢಿ ಬಿದ್ದಿರುತ್ತದೆ. ಜಪಾನಿಯಲ್ಲಿ ಕಾಲು ಜಾರುವುದು ಅಲ್ಲೇ. ‘ಗ’ ಎಲ್ಲಿ ಬರುತ್ತದೆ ಎನ್ನುವುದನ್ನು ತೀರ್ಮಾನಿಸುವುದು ವಾಕ್ಯದ ರಚನೆ. ಅರ್ಥ ಅದಕ್ಕೆ ಎಷ್ಟೋ ಸಲ ಹೊಂದುತ್ತದೆ, ಎಷ್ಟೋ ಸಲ ಹೊಂದುವುದಿಲ್ಲ.

ಸಾಮಾನು

ಬೇಕಾಗುವ ಪ್ರತ್ಯಯಗಳು ಕೆಲವೇ. ಗ (ಪ್ರಥಮಾ), ಒ (ದ್ವಿತೀಯಾ), ನಿ (ಚತುರ್ಥಿಯ ಹತ್ತಿರದ್ದು, ಆದರೆ ಹತ್ತು ಕೆಲಸ ಮಾಡುತ್ತದೆ), ನೊ (ಷಷ್ಠಿ). ಇವುಗಳ ಆಚೆ ಕರ (ಇಂದ), ದೆ (ಅಲ್ಲಿ, ಇಂದ), ಮದೆ (ವರೆಗೆ), ತೊ (ಜೊತೆ), ಎ (ಕಡೆಗೆ). ವ ಮತ್ತು ಮೊ ಈ ಗುಂಪಿಗೆ ಸೇರುವುದಿಲ್ಲ, ಅವುಗಳ ಮಾತು ಆಮೇಲೆ. ‘ವ’ವನ್ನು ಜಪಾನಿ ಬರಹದಲ್ಲಿ ‘ಹ’ ಅಕ್ಷರದಿಂದ ಬರೆಯುತ್ತಾರೆ, ಓದುವುದು ಮಾತ್ರ ‘ವ’. ಉದಾಹರಣೆಗಳಲ್ಲಿ ಪ್ರತ್ಯಯವನ್ನು ಅಡ್ಡಗೆರೆ ಹಾಕಿ ಬಿಡಿಸಿದ್ದೇನೆ. ಮುಂದೆ * ಇದ್ದರೆ ಜಪಾನಿಯವರು ಒಪ್ಪದ ವಾಕ್ಯ ಎಂದರ್ಥ.

ಪ್ರತಿ ವಾಕ್ಯಕ್ಕೂ ಮೂರು ಸಾಲು ಬಿಡಿ: ಮೊದಲ ಸಾಲಿನಲ್ಲಿ ವಾಕ್ಯ, ಎರಡನೆಯದರಲ್ಲಿ ಪದಪದದ ಅರ್ಥ, ಮೂರನೆಯದರಲ್ಲಿ ನೀವು ಮರಳಿ ತುಂಬಿಸಿದ ವಿಭಕ್ತಿ. ಮೂರನೆಯ ಸಾಲೇ ಮುಖ್ಯ, ಎಲ್ಲರೂ ಹಾರಿಸುವುದೂ ಅದನ್ನೇ.

1. ಕೊನೆಯಿಂದ ಶುರು ಮಾಡಿ, ಕ್ರಿಯಾಪದದ ಸಿಪ್ಪೆ ಸುಲಿಯಿರಿ

ಯಾವ ಪದಕ್ಕೆ ಯಾವ ವಿಭಕ್ತಿ ಎನ್ನುವ ಲೆಕ್ಕ ಕ್ರಿಯಾಪದದಲ್ಲಿದೆ. ಅದರ ಮೇಲೆ ಎಷ್ಟು ಪದರ ಹತ್ತಿದೆಯೋ ಅಷ್ಟು ಸಲ ಲೆಕ್ಕ ಬದಲಾಗಿರುತ್ತದೆ. ಈ ವಾಕ್ಯ ನೋಡಿ:

ತರೋ-ಗ ಹಹ-ನಿ ನಿಂಜಿನ್-ಒ ತಬೆಸಸೆರರೆತ.
(ಅಮ್ಮ ಬಲವಂತ ಮಾಡಿ ತರೋಗೆ ಕ್ಯಾರೆಟ್ ತಿನ್ನಿಸಿದಳು, ತರೋನ ಪಾಡು ಅದು.)

ಕ್ರಿಯಾಪದ ಒಡೆದರೆ ತಬೆ-ಸಸೆ-ರರೆ-ತ: ತಿನ್ನು, ಇಸು, ಲ್ಪಡು, ಭೂತಕಾಲ. ಒಳಗಿನಿಂದ ಒಂದೊಂದೇ ಪದರ ಕಟ್ಟುತ್ತ ಬನ್ನಿ.

ಬರೀ ‘ತಬೆ’ ಇದ್ದಾಗ: ತರೋ-ಗ ನಿಂಜಿನ್-ಒ.
‘ಸಸೆ’ ಸೇರಿದಾಗ: ಹಹ-ಗ ತರೋ-ನಿ ನಿಂಜಿನ್-ಒ. ತಿನ್ನಿಸುವವಳು ಬಂದಳು, ತಿನ್ನುವವನು ‘ನಿ’ಗೆ ಇಳಿದ.
‘ರರೆ’ ಸೇರಿದಾಗ: ತರೋ-ಗ ಹಹ-ನಿ ನಿಂಜಿನ್-ಒ. ತರೋ ಮತ್ತೆ ‘ಗ’ಗೆ ಏರಿದ, ಅಮ್ಮ ‘ನಿ’ಗೆ ಇಳಿದಳು.

ಎರಡನೆಯ ಹಂತದಲ್ಲಿ ‘ನಿ’ ಇದ್ದದ್ದು ತಿನ್ನುವವನ ಮೇಲೆ, ಮೂರನೆಯದರಲ್ಲಿ ತಿನ್ನಿಸುವವಳ ಮೇಲೆ. ಪದರ ಸುಲಿಯದೆ ‘ನಿ ಎಂದರೆ -ಗೆ’ ಎಂದು ಓದಿಕೊಂಡವರು ತರೋ ಅಮ್ಮನಿಗೆ ಕ್ಯಾರೆಟ್ ತಿನ್ನಿಸಿದ ಎಂದು ಅನುವಾದ ಮಾಡಿರುತ್ತಾರೆ. ಕರ್ಮಣಿಯಾದರೂ ಕ್ಯಾರೆಟ್ಟಿನ ‘ಒ’ ಅಲ್ಲಾಡಿಲ್ಲ ಎನ್ನುವುದನ್ನೂ ಗಮನಿಸಿ. ಜಪಾನಿ ಕರ್ಮಣಿಯಲ್ಲಿ ಕರ್ಮ ಏಳಲೇಬೇಕು ಎಂಬ ನಿಯಮವಿಲ್ಲ. ಕರ್ಮವೇ ಇಲ್ಲದ ಕ್ರಿಯಾಪದಕ್ಕೂ ಅದು ಹತ್ತುತ್ತದೆ: ತರೋ-ಗ ಅಮೆ-ನಿ ಫುರರೆತ. ಅಕ್ಷರಶಃ ‘ತರೋ ಮಳೆಯಿಂದ ಸುರಿಯಲ್ಪಟ್ಟ’. ಕನ್ನಡದಲ್ಲಿ ಹೀಗೆ ಹೇಳಿದರೆ ನಗುತ್ತಾರೆ, ಮಳೆಗೆ ಸಿಕ್ಕಿಕೊಂಡ ಅನ್ನುತ್ತೇವೆ.

ಪ್ರೇರಣಾರ್ಥಕ ಒಂದೇ ಪದವಾಗಿ ಕಂಡರೂ ಒಳಗೆ ಎರಡು ವಾಕ್ಯಗಳಿವೆ. ಅದನ್ನು ತೋರಿಸಲು ‘ಜಿಬುನ್’ (ತಾನು) ಬಳಸಿ. ತರೋ-ಗ ಹನಕೊ-ನಿ ಜಿಬುನ್-ನೊ ಹೆಯ-ದೆ ಹೊನ್-ಒ ಯೊಮಸೆತ, ಅಂದರೆ ತರೋ ಹನಕೊಳಿಂದ ‘ತನ್ನ’ ಕೋಣೆಯಲ್ಲಿ ಪುಸ್ತಕ ಓದಿಸಿದ. ಯಾರ ಕೋಣೆ? ತರೋನದೂ ಆಗಬಹುದು, ಹನಕೊಳದೂ ಆಗಬಹುದು. ಜಿಬುನ್ ಸಾಮಾನ್ಯವಾಗಿ ಕರ್ತೃವನ್ನೇ ಹುಡುಕಿಕೊಂಡು ಹೋಗುತ್ತದೆ. ಇಬ್ಬರು ಸಿಕ್ಕಿದರೆಂದರೆ ಕರ್ತೃಸ್ಥಾನ ಎರಡಿವೆ ಎಂದಾಯಿತು.

2. ‘ವ’ ಮತ್ತು ‘ಮೊ’ ಕಳಚಿ, ಕೆಳಗೇನಿತ್ತು ನೋಡಿ

‘ವ’ ವಿಷಯಸೂಚಕ, ವಿಭಕ್ತಿಯಲ್ಲ. ಅದು ‘ಗ’ ಅಥವಾ ‘ಒ’ ಮೇಲೆ ಬಿದ್ದರೆ ಅವು ಮಾಯವಾಗುತ್ತವೆ. ಕರ, ದೆ, ತೊ ಮೇಲೆ ಬಿದ್ದರೆ ಅವು ಉಳಿಯುತ್ತವೆ: ಕರ-ವ, ದೆ-ವ, ತೊ-ವ. ‘ನಿ’ ಬಹುಪಾಲು ಉಳಿಯುತ್ತದೆ. ಆದ್ದರಿಂದ ಬರೀ ‘ವ’ ಕಂಡರೆ ಕೆಳಗೆ ‘ಗ’ ಇತ್ತೋ ‘ಒ’ ಇತ್ತೋ ಎಂದು ಕೇಳಿ, ಉತ್ತರವನ್ನು ಮೂರನೆಯ ಸಾಲಿನಲ್ಲಿ ಬರೆಯಿರಿ.

ವಾಕ್ಯವನ್ನು ಪರೀಕ್ಷೆಗೆ ಕೂರಿಸುವಾಗ ಜಪಾನಿ ವಾಕ್ಯರಚನೆಯ ವಿದ್ವಾಂಸರು ಬಳಸುವ ಒಂದು ಸಣ್ಣ ಉಪಾಯವಿದೆ. ವಾಕ್ಯದ ಕೊನೆಗೆ ‘ಕೊತೊ’ (ಎಂಬ ಸಂಗತಿ) ಸೇರಿಸುತ್ತಾರೆ. ‘ವ’ ಇಲ್ಲದ ಬಿಡಿ ವಾಕ್ಯ ಜಪಾನಿ ಕಿವಿಗೆ ಏನೋ ಅರೆಬರೆ ಅನಿಸುತ್ತದೆ, ಕೇಳಿದವರು ವ್ಯಾಕರಣ ಸರಿಯಿದ್ದರೂ ‘ಹೀಗೆ ಹೇಳಲ್ಲ’ ಅಂದುಬಿಡುತ್ತಾರೆ. ‘ಕೊತೊ’ ಸೇರಿದೊಡನೆ ಅದು ಉಪವಾಕ್ಯವಾಗುತ್ತದೆ, ‘ವ’ದ ಹಂಗು ತಪ್ಪುತ್ತದೆ. ತರೋ-ಗ ಹನಕೊ-ಒ ಹೊಮೆತ ಕೊತೊ: ತರೋ ಹನಕೊಳನ್ನು ಹೊಗಳಿದ ಸಂಗತಿ. ಪ್ರಬಂಧಗಳಲ್ಲಿ ಉದಾಹರಣೆಗಳ ಬಾಲಕ್ಕೆಲ್ಲ ಈ ‘ಕೊತೊ’ ಯಾಕಿದೆ ಎಂದು ತಲೆ ಕೆರೆದುಕೊಂಡಿದ್ದರೆ, ಇಷ್ಟೇ ಕಾರಣ.

ಇದರಿಂದ ಇನ್ನೊಂದು ಲಾಭವಿದೆ. ಭಾಷಾವಿಜ್ಞಾನಿ ಕುನೊ ಸುಸುಮು 1973ರಲ್ಲಿ ಎರಡು ಬಗೆಯ ‘ಗ’ವನ್ನು ಬೇರ್ಪಡಿಸಿ ತೋರಿಸಿದರು. ‘ಅಮೆ-ಗ ಫುತ್ತೆ ಇರು’ (ಮಳೆ ಬರುತ್ತಿದೆ) ಎನ್ನುವಾಗ ಕಂಡದ್ದನ್ನು ಹೇಳುವ ‘ಗ’. ‘ತರೋ-ಗ ಗಕುಸೇ ದ’ ಎನ್ನುವಾಗ ನಮ್ಮ ‘-ಏ’ ತೂಕ ಬರುತ್ತದೆ: ತರೋನೇ ವಿದ್ಯಾರ್ಥಿ, ಇಲ್ಲಿ ಮಿಕ್ಕವರಲ್ಲ. ಸ್ಥಿತಿ ಹೇಳುವ ಮುಖ್ಯವಾಕ್ಯದ ಕರ್ತೃವಿಗೆ ಈ ತೂಕ ತಾನಾಗಿ ಬರುತ್ತದೆ, ಉಪವಾಕ್ಯಕ್ಕೆ ಇಳಿಸಿದರೆ ಕಳಚಿಕೊಳ್ಳುತ್ತದೆ.

3. ಬಿಟ್ಟದ್ದನ್ನು ತುಂಬಿ

ಜಪಾನಿ ಕ್ರಿಯಾಪದಕ್ಕೆ ಪುರುಷ, ಲಿಂಗ, ವಚನ ಯಾವುದೂ ಇಲ್ಲ. ನಮ್ಮಲ್ಲಿ ‘ಓದಿದಳು’ ಅಂದರೆ ಕರ್ತೃ ಹೇಳದೆಯೂ ಅರ್ಧ ಗೊತ್ತಾಗುತ್ತದೆ. ಅದೇ ಅರ್ಥದ ಜಪಾನಿಯ ‘ಯೊಂದ’ದಲ್ಲಿ ಏನೂ ಗೊತ್ತಾಗುವುದಿಲ್ಲ. ಖಾಲಿ ಇರುವ ಜಾಗಕ್ಕೆ ಒಂದು ಸೊನ್ನೆ ಹಾಕಿ, ಅದಕ್ಕೂ ವಿಭಕ್ತಿ ಬರೆಯಿರಿ.

ಆಡುಮಾತಿನಲ್ಲಿ ‘ಒ’ ಬಿದ್ದುಹೋಗುವುದು ಬೇರೆ ಸಂಗತಿ. ಕನ್ನಡದಲ್ಲಿ ‘ಪುಸ್ತಕ ಓದಿದ’ ಸಲೀಸು, ‘ರಾಮ ನೋಡಿದ’ ಅಂದರೆ ಮಾತ್ರ ಅರ್ಥವೇ ತಿರುಗುತ್ತದೆ. ಪ್ರಾಣಿವಾಚಕಕ್ಕೆ ‘-ಅನ್ನು’ ಬೇಕೇ ಬೇಕು. ಈ ಲೆಕ್ಕವನ್ನು ಜಪಾನಿಗೆ ಹೊತ್ತುಕೊಂಡು ಹೋಗಬೇಡಿ. ‘ತರೋ ಮಿತ?’ ಅಂದರೆ ‘ತರೋನನ್ನು ನೋಡಿದೆಯಾ?’ ಅಂತಲೇ. ಅಲ್ಲಿ ‘ಒ’ ಬೀಳುವುದು ಮಾತಿನ ಸಲುಗೆಯಿಂದ, ಕರ್ಮವು ಕ್ರಿಯಾಪದಕ್ಕೆ ಒತ್ತಿಕೊಂಡು ಇರುವುದರಿಂದ. ಪ್ರಾಣಿ-ಅಪ್ರಾಣಿ ಭೇದ ಅದರಲ್ಲಿ ಇಲ್ಲ.

4. ‘ಗ’ ಎಲ್ಲಿಂದ ಬಂತು ಎಂದು ಪತ್ತೆ ಮಾಡಿ

ತಾಳ್ಮೆ ಬೇಕಾಗುವುದು ಇಲ್ಲಿ. ತಕೆಜಾವ ಕೊಇಚಿ 1987ರ ಪ್ರಬಂಧದಲ್ಲಿ ಕೊಟ್ಟ ಉತ್ತರ ಸರಳ: ‘ಗ’ವನ್ನು ಕೊಡುವುದು ಕಾಲಸೂಚಕ. ಕಾಲವಿಲ್ಲದ ಕಡೆ ‘ಗ’ ಬರುವುದಿಲ್ಲ. ಪರೀಕ್ಷೆ ಹೀಗೆ:

ತರೋ-ವ ಹನಕೊ-ನೊ ಯೊಕೊಗಾಒ-ಗ ಉತ್ಸುಕುಶೀ ತೊ ಒಮೊತ್ತ.
ತರೋ-ವ ಹನಕೊ-ನೊ ಯೊಕೊಗಾಒ-ಒ ಉತ್ಸುಕುಶಿಕು ಒಮೊತ್ತ.
*ತರೋ-ವ ಹನಕೊ-ನೊ ಯೊಕೊಗಾಒ-ಗ ಉತ್ಸುಕುಶಿಕು ಒಮೊತ್ತ.

ಮೂರರ ಅರ್ಥವೂ ‘ಹನಕೊಳ ಪಕ್ಕಮುಖ ಚೆಂದ ಎಂದು ತರೋ ಅಂದುಕೊಂಡ’ ಎಂಬುದರ ಸುತ್ತಲೇ. ಚೆಂದವಾಗಿರುವುದು ಮೂರರಲ್ಲೂ ಪಕ್ಕಮುಖವೇ, ಕಾರಕ ಬದಲಾಗಿಲ್ಲ. ಬದಲಾದದ್ದು ಗುಣವಾಚಕದ ಬಾಲ. ‘ಉತ್ಸುಕುಶೀ’ ವರ್ತಮಾನ ಕಾಲದ ಪೂರ್ಣ ರೂಪ, ಅದರ ನಂತರ ‘ಎಂದು’ ಅರ್ಥದ ‘ತೊ’ ಇದೆ. ‘ಉತ್ಸುಕುಶಿಕು’ ಕಾಲವಿಲ್ಲದ ರೂಪ. ಕಾಲ ಹೋದೊಡನೆ ‘ಗ’ ಹೋಯಿತು, ಪಕ್ಕಮುಖ ಮೇಲಿನ ‘ಒಮೊತ್ತ’ದ ಕೈಗೆ ಬಂದು ‘ಒ’ ಪಡೆಯಿತು.

ಕನ್ನಡದಲ್ಲಿ ‘ಅವಳು ಜಾಣೆ ಅಂತ ಅಂದುಕೊಂಡ’ ಮತ್ತು ‘ಅವಳನ್ನು ಜಾಣೆ ಅಂದುಕೊಂಡ’ ಎರಡೂ ನಡೆಯುತ್ತವಲ್ಲ ಎಂದು ಕೇಳಬಹುದು. ಜಪಾನಿಯಲ್ಲೂ ಆ ಜೋಡಿ ಇದೆ: ಹನಕೊ-ಗ ಬಕ ದ ತೊ ಒಮೊತ್ತ, ಹನಕೊ-ಒ ಬಕ ದ ತೊ ಒಮೊತ್ತ (ಹನಕೊ ದಡ್ಡಿ / ಹನಕೊಳನ್ನು ದಡ್ಡಿ ಎಂದುಕೊಂಡ). ಇಲ್ಲಿ ‘ದ’ (‘ಆಗಿದೆ’ ಎನ್ನುವ, ಕಾಲವಿರುವ ರೂಪ) ಇರುವುದರಿಂದ ‘ಗ’ಗೂ ಅವಕಾಶವಿದೆ, ‘ಒ’ ಬಂದಾಗ ಹನಕೊ ಒಳವಾಕ್ಯದಿಂದ ಮೇಲಿನ ವಾಕ್ಯದ ಅಂಗಳಕ್ಕೆ ಬಂದಿದ್ದಾಳೆ ಎಂದು ವಿಶ್ಲೇಷಿಸುತ್ತಾರೆ. ಈ ಜೋಡಿಯನ್ನೂ ಮೇಲಿನ ಮೂರು ವಾಕ್ಯಗಳನ್ನೂ ಒಂದೇ ಎಂದು ಕಲಸಬಾರದು.

ಕಾಲಸೂಚಕ ಒಂದೇ ಇದ್ದರೂ ‘ಗ’ ಎರಡು, ಮೂರು ಬರುವುದು ಹೇಗೆ? ಕುರೊದ ಶಿಗೆಯುಕಿ 1988ರಲ್ಲಿ ಕೊಟ್ಟ ವಿವರಣೆ ನನಗೆ ಇವತ್ತಿಗೂ ಹಿಡಿಸುತ್ತದೆ: ಇಂಗ್ಲಿಷಿನಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಿಕೆ ಕಡ್ಡಾಯ, ಹಾಗಾಗಿ ಒಂದಕ್ಕೆ ಒಂದೇ. ಜಪಾನಿಯಲ್ಲಿ ಆ ಕಡ್ಡಾಯವಿಲ್ಲ, ಹಾಗಾಗಿ ಒಂದೇ ಕಾಲಸೂಚಕದ ಹತ್ತಿರ ಹಲವರು ನಿಲ್ಲಬಹುದು.

5. ಎರಡು ‘ಗ’ ಇದ್ದರೆ ಯಾವ ಜಾತಿಯದು ನೋಡಿ

ಜೋ-ವ ಹನ-ಗ ನಗೈ. ಆನೆಯ ಸೊಂಡಿಲು ಉದ್ದ. ಮಿಕಾಮಿ ಅಕಿರ 1960ರಲ್ಲಿ ಈ ವಾಕ್ಯವನ್ನೇ ಪುಸ್ತಕದ ಹೆಸರಾಗಿಟ್ಟು, ಜಪಾನಿ ವ್ಯಾಕರಣಕ್ಕೆ ‘ಕರ್ತೃ’ ಎನ್ನುವ ಪರಿಕಲ್ಪನೆಯೇ ಬೇಡ ಎಂದು ವಾದಿಸಿದರು. ಕೆಳಗಿನ ಪರೀಕ್ಷೆಗಳು ಅಷ್ಟು ದೂರ ಹೋಗಲು ಬಿಡುವುದಿಲ್ಲ, ಆದರೆ ಅವರ ತಕರಾರಿನಲ್ಲಿ ಹುರುಳಿದೆ. ‘ವ’ ಕಳಚಿ ‘ಕೊತೊ’ ಹಾಕಿದರೆ: ಜೋ-ಗ ಹನ-ಗ ನಗೈ ಕೊತೊ.

ಈಗ ಮೊದಲ ‘ಗ’ ತೆಗೆದು ‘ನೊ’ ಹಾಕಿ. ಜೋ-ನೊ ಹನ-ಗ ನಗೈ. ಅರ್ಥ ಹಾಗೇ ಉಳಿಯಿತು, ಆದ್ದರಿಂದ ಇದು ಒಡೆತನದ ಜಾತಿ. ಇದೇ ಪರೀಕ್ಷೆಯನ್ನು ‘ತರೋ-ಗ ನಿಹೊಂಗೊ-ಗ ವಕರು’ (ತರೋಗೆ ಜಪಾನಿ ಅರ್ಥವಾಗುತ್ತದೆ) ಮೇಲೆ ಮಾಡಿ. ತರೋ-ನೊ ನಿಹೊಂಗೊ-ಗ ವಕರು: ‘ತರೋನ ಜಪಾನಿ (ಇನ್ಯಾರಿಗೋ) ಅರ್ಥವಾಗುತ್ತದೆ’. ಅರ್ಥ ಕೆಟ್ಟಿತು. ಇದು ಬೇರೆ ಜಾತಿ, ಎರಡನೆಯ ‘ಗ’ ಇಲ್ಲಿ ಕರ್ಮದ ಮೇಲಿದೆ.

ಎರಡನೆಯ ಪರೀಕ್ಷೆ: ಮೊದಲ ‘ಗ’ ಬದಲು ‘ನಿ’. ತರೋ-ನಿ ನಿಹೊಂಗೊ-ಗ ವಕರು ಸರಿ. *ಜೋ-ನಿ ಹನ-ಗ ನಗೈ ತಪ್ಪು. ‘ಆನೆಗೆ ಸೊಂಡಿಲು ಉದ್ದ’ ಎಂದು ನಮಗೆ ಬಾಯಿಗೆ ಬರುವುದರಿಂದ ಕನ್ನಡಿಗರು ಎಡವುವ ಜಾಗ ಇದು.

6. ‘ನಿ’ ತೊಟ್ಟ ಕರ್ತೃ

‘ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವು’ ಎಂದು ದಿನವಿಡೀ ಹೇಳುವ ನಮಗೆ ಚತುರ್ಥಿಯ ಕರ್ತೃ ಹೊಸದಲ್ಲ. ಎಸ್. ಎನ್. ಶ್ರೀಧರ್ 1970ರ ದಶಕದಲ್ಲೇ ಕನ್ನಡದ ಈ ರಚನೆಯ ಬಗ್ಗೆ ಬರೆದಿದ್ದಾರೆ. ‘ರಾಮನಿಗೆ ತನ್ನ ತಪ್ಪು ಗೊತ್ತಾಗಲಿಲ್ಲ’ ಎನ್ನುವಾಗ ‘ತನ್ನ’ ಹೋಗಿ ಹಿಡಿಯುವುದು ‘ರಾಮನಿಗೆ’ಯನ್ನೇ. ಜಪಾನಿಯಲ್ಲೂ ಹಾಗೇ: ತರೋ-ನಿ-ವ ಜಿಬುನ್-ನೊ ಕೊತೊ-ಗ ವಕರನೈ, ತರೋಗೆ ತನ್ನ ವಿಷಯವೇ ಅರ್ಥವಾಗುವುದಿಲ್ಲ.

ಇನ್ನೊಂದು ಪರೀಕ್ಷೆ ಗೌರವರೂಪ. ಕ್ರಿಯಾಪದವನ್ನು ‘ಒ-…-ನಿ ನರು’ ಚೌಕಟ್ಟಿಗೆ ಹಾಕಿದರೆ ಗೌರವ ಸಲ್ಲುವುದು ಕರ್ತೃವಿಗೆ. ಸೆನ್ಸೇ-ಗ ತರೋ-ಒ ಒ-ಯೊಬಿ-ನಿ ನತ್ತ (ಮೇಷ್ಟ್ರು ತರೋನನ್ನು ಕರೆದರು) ಸರಿ. ತಿರುಗಿಸಿ ತರೋ ಮೇಷ್ಟ್ರನ್ನು ಕರೆದ ಎನ್ನಲು ಇದೇ ರೂಪ ಬಳಸಿದರೆ ಗೌರವ ತರೋಗೆ ಹೋಗಿ ನಗೆಪಾಟಲು. ಈಗ ಸೆನ್ಸೇ-ನಿ ಏಗೊ-ಗ ಒ-ವಕರಿ-ನಿ ನರು (ಮೇಷ್ಟ್ರಿಗೆ ಇಂಗ್ಲಿಷ್ ಅರ್ಥವಾಗುತ್ತದೆ) ಸಲೀಸಾಗಿ ನಡೆಯುತ್ತದೆ. ‘ನಿ’ ಇದ್ದರೂ ಮೇಷ್ಟ್ರೇ ಕರ್ತೃ.

ಆದರೆ ಕನ್ನಡದ ‘-ಗೆ’ ಇದ್ದಲ್ಲೆಲ್ಲ ‘ನಿ’ ಹಾಕಿದರೆ ಕೆಡುತ್ತದೆ. ‘ನಿ’ಗೆ ಒಪ್ಪುವವು: ವಕರು (ಅರ್ಥವಾಗು), ದೆಕಿರು (ಸಾಧ್ಯವಾಗು), ಮಿಯೆರು (ಕಾಣು), ಕಿಕೊಯೆರು (ಕೇಳಿಸು), ಇರುವಿಕೆಯ ಅರು/ಇರು, ಅಗತ್ಯದ ಇರು, ಮತ್ತು ಯೊಮೆರು, ಹನಸೆರು ಥರದ ‘-ಬಲ್ಲ’ ರೂಪಗಳು. ಒಪ್ಪದವು: ಹೊಶೀ (ಬೇಕೆನಿಸು), ಸುಕಿ (ಇಷ್ಟ), ಜೋಜು (ಚೆನ್ನಾಗಿ ಬರು), ಮತ್ತು ‘-ತೈ’ ಸೇರಿದ ಇಚ್ಛಾರೂಪ. *ವತಶಿ-ನಿ ಮಿಜು-ಗ ಹೊಶೀ ತಪ್ಪು. ವತಶಿ-ವ ಮಿಜು-ಗ ಹೊಶೀ ಸರಿ. ನಮ್ಮ ಒಂದೇ ‘ಬೇಕು’ ಅಲ್ಲಿ ಎರಡಾಗಿ ಒಡೆಯುತ್ತದೆ: ಕೆಲಸಕ್ಕೆ ಅಗತ್ಯ ಎನ್ನುವ ‘ಇರು’ವಿಗೆ ‘ನಿ’ ಆಗುತ್ತದೆ, ಮನಸ್ಸಿಗೆ ಬೇಕು ಎನ್ನುವ ‘ಹೊಶೀ’ಗೆ ಆಗುವುದಿಲ್ಲ. ‘ನನಗೆ ಜ್ವರ’ಕ್ಕೆ ರೂಢಿ ‘ವತಶಿ-ವ ನೆತ್ಸು-ಗ ಅರು’.

ಇದರ ಜೊತೆಗೆ ಇನ್ನೊಂದು ಕಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ: ಇಂಥ ವಾಕ್ಯದಲ್ಲಿ ಒಂದಾದರೂ ‘ಗ’ ಇರಲೇಬೇಕು. ತರೋ-ಗ ಏಗೊ-ಗ ಹನಸೆರು, ತರೋ-ಗ ಏಗೊ-ಒ ಹನಸೆರು, ತರೋ-ನಿ ಏಗೊ-ಗ ಹನಸೆರು ಮೂರೂ ಸರಿ (ತರೋ ಇಂಗ್ಲಿಷ್ ಮಾತಾಡಬಲ್ಲ). ನಾಲ್ಕನೆಯದು, *ತರೋ-ನಿ ಏಗೊ-ಒ ಹನಸೆರು, ನಿಲ್ಲುವುದಿಲ್ಲ.

ಕರ್ಮದ ಮೇಲೆ ‘ಗ’ ಇರಲಿ ‘ಒ’ ಇರಲಿ ಒಂದೇ ಅಲ್ಲವೇ? ಅಲ್ಲ. ‘ದಕೆ’ (ಮಾತ್ರ) ಹಾಕಿ ನೋಡಿ.

ತರೋ-ವ ಮಿಗಿಮೆ-ದಕೆ-ಒ ತ್ಸುಮುರೆರು.
ತರೋ-ವ ಮಿಗಿಮೆ-ದಕೆ-ಗ ತ್ಸುಮುರೆರು.

ಮೊದಲನೆಯದಕ್ಕೆ ಸಹಜವಾಗಿ ಬರುವ ಅರ್ಥ: ತರೋಗೆ ಬಲಗಣ್ಣು ಮಾತ್ರ ಮುಚ್ಚಿ ಕಣ್ಣು ಹೊಡೆಯಲು ಬರುತ್ತದೆ. ಎರಡನೆಯದರ ಅರ್ಥ: ತರೋ ಮುಚ್ಚಬಲ್ಲದ್ದು ಬಲಗಣ್ಣನ್ನು ಮಾತ್ರ, ಎಡಗಣ್ಣು ಮುಚ್ಚಲು ಬರುವುದೇ ಇಲ್ಲ. ‘ಗ’ ಬಂದಾಗ ‘ಮಾತ್ರ’ವು ‘ಬಲ್ಲ’ದ ಮೇಲೆ ಕೂರುತ್ತದೆ. ತದ ಹಿರೊಅಕಿ 1992ರಲ್ಲಿ ಇದನ್ನು ಮುಂದಿಟ್ಟುಕೊಂಡು, ‘ಗ’ ಪಡೆದ ಕರ್ಮ ವಾಕ್ಯರಚನೆಯ ಮರದಲ್ಲಿ (ಪದಗಳು ಒಂದರೊಳಗೊಂದು ಕೂಡುವುದನ್ನು ಕೊಂಬೆಗಳಾಗಿ ತೋರಿಸುವ ಚಿತ್ರದಲ್ಲಿ) ‘-ಬಲ್ಲ’ ಪ್ರತ್ಯಯಕ್ಕಿಂತ ಮೇಲೆ ಇರುತ್ತದೆ ಎಂದು ವಾದಿಸಿದರು. ಒಂದು ಅಕ್ಷರದ ವ್ಯತ್ಯಾಸ ಮರದ ಕೊಂಬೆಯನ್ನೇ ಬದಲಿಸಿತು.

7. ‘ಒ’ ಎರಡಿದ್ದರೆ ನಿಲ್ಲಿ

‘ಗ’ ಎಷ್ಟಾದರೂ ಬರಲಿ, ‘ಒ’ ಮಾತ್ರ ಒಂದು ವಾಕ್ಯಕ್ಕೆ ಒಂದೇ. ಹರದ ಶಿನ್‌ಇಚಿ 1973ರಲ್ಲಿ ಇದನ್ನು ನಿಯಮವಾಗಿ ಬರೆದರು. ನಿಹೊಂಗೊ-ಒ ಬೆಂಕ್ಯೋ ಸುರು ಸರಿ, ನಿಹೊಂಗೊ-ನೊ ಬೆಂಕ್ಯೋ-ಒ ಸುರು ಸರಿ, *ನಿಹೊಂಗೊ-ಒ ಬೆಂಕ್ಯೋ-ಒ ಸುರು ತಪ್ಪು (ಎಲ್ಲ ‘ಜಪಾನಿ ಓದುವುದು’).

ಪ್ರೇರಣಾರ್ಥಕದಲ್ಲಿ ಇದರ ಪರಿಣಾಮ ಕಾಣುತ್ತದೆ. ಅಕರ್ಮಕದ ಮೇಲೆ ಕಟ್ಟಿದಾಗ ಮಾಡುವವರಿಗೆ ‘ಒ’ ಆಗಬಹುದು, ‘ನಿ’ ಆಗಬಹುದು: ಹನಕೊ-ಒ ಇಕಸೆತ ಅಂದರೆ ಕಳಿಸಿಯೇ ಬಿಟ್ಟ ಎಂಬ ಧಾಟಿ, ಹನಕೊ-ನಿ ಇಕಸೆತ ಅಂದರೆ ಹೋಗಗೊಟ್ಟ ಎಂಬ ಧಾಟಿ. ಇಚ್ಛೆಯಿಲ್ಲದ ವಸ್ತುವಿಗೆ ‘ನಿ’ ಆಗದು: ಯಸೈ-ಒ ಕುಸರಸೆತ (ತರಕಾರಿ ಕೊಳೆಯಲು ಬಿಟ್ಟ). ಸಕರ್ಮಕದ ಮೇಲೆ ಕಟ್ಟಿದರೆ ಈ ಆಯ್ಕೆಯೇ ಇಲ್ಲ, ‘ಒ’ವನ್ನು ಕರ್ಮ ಆಗಲೇ ಹಿಡಿದಿರುತ್ತದೆ, ಮಾಡುವವರಿಗೆ ‘ನಿ’ ಒಂದೇ ದಾರಿ. ನಮ್ಮ ‘ಆಳಿನಿಂದ ಗುಂಡಿ ತೋಡಿಸಿದ’ದಲ್ಲಿರುವ ‘-ಇಂದ’ ನೋಡಿ ‘ಕರ’ ಹಾಕುವವರಿದ್ದಾರೆ, ತಪ್ಪು. ‘ಮಗುವಿಗೆ ಅನ್ನ ತಿನ್ನಿಸಿದಳು’ ಮಾದರಿಯೇ ಅಲ್ಲಿ ಎಲ್ಲದಕ್ಕೂ.

ದಾರಿಯ ‘ಒ’ ಒಂದಿದೆ: ಮಿಚಿ-ಒ ಅರುಕು, ದಾರಿಯಲ್ಲಿ ನಡೆ. ನಮಗೆ ಸಪ್ತಮಿ, ಅವರಿಗೆ ದ್ವಿತೀಯಾ. ಇದು ಇನ್ನೊಂದು ‘ಒ’ ಜೊತೆ ಬಂದರೆ ಕಿವಿಗೆ ಕಿರಿಕಿರಿ, ಆದರೆ ಮೇಲಿನ ತಪ್ಪಿನಷ್ಟು ಕೆಟ್ಟದ್ದಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ.

8. ಎಣಿಕೆ ಪದ ಬಿಟ್ಟು ನೋಡಿ

ಮರದಲ್ಲಿ ಯಾರು ಎಲ್ಲಿ ಹುಟ್ಟಿದರು ಎಂದು ತಿಳಿಯಲು ಇದಕ್ಕಿಂತ ಕೈಗೆಟುಕುವ ಸಾಧನ ಇನ್ನೊಂದಿಲ್ಲ. ಮಿಯಗವ ಶಿಗೆರು 1989ರಲ್ಲಿ ವಿವರವಾಗಿ ಬೆಳೆಸಿದ ಪರೀಕ್ಷೆ. ‘ಸನ್ನಿನ್’ ಮನುಷ್ಯರಿಗೆ ಮೂರು, ‘ನಿಸತ್ಸು’ ಪುಸ್ತಕಗಳಿಗೆ ಎರಡು. ಎಣಿಕೆ ಯಾರದ್ದೆಂದು ಅದರ ಬಾಲದ ‘ನಿನ್’, ‘ಸತ್ಸು’ಗಳೇ ಹೇಳುತ್ತವೆ.

ಗಕುಸೇ-ಗ ಸನ್ನಿನ್ ಹೊನ್-ಒ ಕತ್ತ. ಸರಿ. ನಮ್ಮ ‘ವಿದ್ಯಾರ್ಥಿಗಳು ಮೂರು ಜನ ಪುಸ್ತಕ ಕೊಂಡರು’ ಇದ್ದ ಹಾಗೆ.
*ಗಕುಸೇ-ಗ ಹೊನ್-ಒ ಸನ್ನಿನ್ ಕತ್ತ. ಕರ್ತೃವಿಗೂ ಎಣಿಕೆಗೂ ನಡುವೆ ಕರ್ಮ ತೂರಿತು, ಕೆಟ್ಟಿತು.
ಹೊನ್-ಒ ಗಕುಸೇ-ಗ ನಿಸತ್ಸು ಕತ್ತ. ಕರ್ಮಕ್ಕೂ ಎಣಿಕೆಗೂ ನಡುವೆ ಕರ್ತೃ ತೂರಿದೆ, ಆದರೂ ಸರಿ!

ಯಾಕೆ? ಪುಸ್ತಕ ಮೊದಲು ಇದ್ದದ್ದು ಕ್ರಿಯಾಪದದ ಪಕ್ಕ, ‘ನಿಸತ್ಸು’ವಿನ ಜೊತೆಯಲ್ಲೇ. ಅಲ್ಲಿಂದ ಎದ್ದು ಮುಂದೆ ಬಂದಿದೆ, ಎಣಿಕೆ ಹಳೆಯ ಜಾಗದಲ್ಲೇ ಕೂತಿದೆ. ಎರಡನೆಯ ವಾಕ್ಯದ ಕರ್ತೃವಿಗೆ ಕರ್ಮದ ಬಲಕ್ಕೆ ಹಳೆಯ ಜಾಗವೇ ಇಲ್ಲ. ಪದಕ್ರಮ ಸಡಿಲವಾಗಿದೆ ಎಂದ ಮಾತ್ರಕ್ಕೆ ರಚನೆ ಚಪ್ಪಟೆಯಲ್ಲ (ಕರ್ತೃ, ಕರ್ಮ ಮೇಲು-ಕೆಳಗಿಲ್ಲದೆ ಒಂದೇ ಸಾಲಿನಲ್ಲಿ ಕೂತಿಲ್ಲ) ಎನ್ನುವುದಕ್ಕೆ ಇದು ಸಾಕ್ಷಿ. 1980ರ ಹೊತ್ತಿಗೆ ಭಾಷಾವಿಜ್ಞಾನಿ ಕೆನ್ ಹೇಲ್ ಜಪಾನಿಯನ್ನು ಚಪ್ಪಟೆ ರಚನೆಯ ಭಾಷೆಗಳ ಸಾಲಿಗೆ ಸೇರಿಸಿದ್ದರು. ಸೈತೊ ಮಮೊರು ಮತ್ತು ಹೋಜಿ ಹಜಿಮೆ 1983ರಲ್ಲಿ, ಸೈತೊ ಮತ್ತೆ 1985ರ ಪ್ರಬಂಧದಲ್ಲಿ, ಪದಗಳು ಜಾಗ ಬದಲಿಸುವುದು ಚಲನೆಯಿಂದಲೇ ಎಂದು ತೋರಿಸಿದ ಮೇಲೆ ಗಾಳಿ ತಿರುಗಿತು. ಇದನ್ನೇ ಸ್ಕ್ರ್ಯಾಂಬ್ಲಿಂಗ್ ಅನ್ನುವುದು.

ಇನ್ನೊಂದು ಜೋಡಿ:
ದೊಅ-ಗ ಕೊನೊ ಕಗಿ-ದೆ ಫುತತ್ಸು ಐತ. (ಬಾಗಿಲು ಈ ಕೀಲಿಯಿಂದ ಎರಡು ತೆರೆದುಕೊಂಡವು.) ಸರಿ.
*ಕೊದೊಮೊ-ಗ ಕೊನೊ ಕಗಿ-ದೆ ಫುತರಿ ದೊಅ-ಒ ಅಕೆತ. (ಮಕ್ಕಳು ಈ ಕೀಲಿಯಿಂದ ಇಬ್ಬರು ಬಾಗಿಲು ತೆರೆದರು.)
ತಾನಾಗಿ ತೆರೆದುಕೊಳ್ಳುವ ಬಾಗಿಲು ‘ಗ’ ತೊಟ್ಟರೂ ಹುಟ್ಟಿದ್ದು ಕರ್ಮದ ಜಾಗದಲ್ಲಿ. ತೆರೆಯುವ ಮಕ್ಕಳು ಹುಟ್ಟಿದ್ದೇ ಮೇಲೆ.

ಈ ಪರೀಕ್ಷೆಯಲ್ಲಿ ಒಪ್ಪಿಗೆ ಜನರಿಂದ ಜನರಿಗೆ ಬದಲಾಗುತ್ತದೆ. ಎಣಿಕೆ ಪದಕ್ಕೆ ಒತ್ತು ಬಿದ್ದರೆ ತಪ್ಪು ವಾಕ್ಯವೂ ದಾಟಿಹೋಗುತ್ತದೆ. ಒಬ್ಬರನ್ನು ಕೇಳಿ ತೀರ್ಮಾನಿಸಬೇಡಿ. ಮೂರು-ನಾಲ್ಕು ಜನರಿಗೆ, ಜೋಡಿ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು, ‘ಸರಿಯಾ ತಪ್ಪಾ’ ಎನ್ನದೆ ‘ಎರಡರಲ್ಲಿ ಯಾವುದು ಹಗುರ’ ಎಂದು ಕೇಳಿ. ಕರ, ದೆ ಹಚ್ಚಿದ ಪದದಿಂದ ಎಣಿಕೆ ಬಿಡಿಸಲು ಮಾತ್ರ ಬರುವುದೇ ಇಲ್ಲ: *ಗಕುಸೇ-ಕರ ಸನ್ನಿನ್ ತೆಗಮಿ-ಒ ಮೊರತ್ತ (ಮೂವರು ವಿದ್ಯಾರ್ಥಿಗಳಿಂದ ಪತ್ರ ಬಂತು). ‘ಗ’, ‘ಒ’ ನಿಜವಾದ ವಿಭಕ್ತಿಗಳು, ‘ಕರ’ ಅವ್ಯಯದ ಜಾತಿ ಎನ್ನಲು ಇದೂ ಒಂದು ಕಾರಣ.

9. ಉಪವಾಕ್ಯದ ‘ನೊ’

ನಾಮಪದಕ್ಕೆ ಮುಂಚೆ ಬರುವ ವಾಕ್ಯದಲ್ಲಿ ‘ಗ’ ಬದಲು ‘ನೊ’ ಬರಬಹುದು: ತರೋ-ಗ ಕತ್ತ ಹೊನ್, ತರೋ-ನೊ ಕತ್ತ ಹೊನ್, ಎರಡೂ ‘ತರೋ ಕೊಂಡ ಪುಸ್ತಕ’. ನಮ್ಮಲ್ಲಿ ‘ತರೋನ ಕೊಂಡ ಪುಸ್ತಕ’ ಆಗುವುದಿಲ್ಲ, ಹಾಗಾಗಿ ಓದುವಾಗ ಈ ‘ನೊ’ವನ್ನು ಒಡೆತನ ಎಂದು ತಿಳಿಯುವುದು ಸಹಜ. ಒಳಗೆ ‘ಒ’ ಇರುವ ಕರ್ಮ ಕಾಣಿಸಿದರೆ ಈ ಬದಲಾವಣೆ ನಿಲ್ಲುತ್ತದೆ. ಪರೀಕ್ಷೆ ಮಾಡುವಾಗ ನಡುವೆ ‘ಕಿನೋ’ (ನಿನ್ನೆ) ಸೇರಿಸಿ: *ತರೋ-ನೊ ಕಿನೋ ಹೊನ್-ಒ ಕತ್ತ ಮಿಸೆ. ‘ಕಿನೋ’ ಇಲ್ಲದಿದ್ದರೆ ಕೇಳಿದವರು ‘ತರೋನ ಪುಸ್ತಕ ಕೊಂಡ ಅಂಗಡಿ’ ಎಂದು ಅರ್ಥ ಮಾಡಿಕೊಂಡು ‘ಸರಿ’ ಅಂದುಬಿಡುತ್ತಾರೆ, ನಿಮ್ಮ ಪರೀಕ್ಷೆ ಮಣ್ಣುಪಾಲು.

10. ಎರಡು ವಾಕ್ಯ ಬಿಡಿಸಿ ನೋಡೋಣ

ಕೊನೊ ಹೊನ್-ವ ಕೊದೊಮೊ-ನಿ-ಮೊ ಯೊಮೆರು. ‘ಈ ಪುಸ್ತಕ ಮಕ್ಕಳೂ ಓದಬಲ್ಲರು.’ ಕ್ರಿಯಾಪದ ಯೊಮ್-ಎ-ರು, ‘-ಬಲ್ಲ’ ರೂಪ. ‘ಮೊ’ ಕಳಚಿದರೆ ಕೊದೊಮೊ-ನಿ. ‘ವ’ ಕೆಳಗೆ ಏನಿದೆ, ‘ಗ’ವೋ ‘ಒ’ವೋ? ಕಣ್ಣಿಗೆ ಕಾಣುವುದಿಲ್ಲ. ಆದರೆ ಕರ್ತೃ ‘ನಿ’ಯಲ್ಲಿದೆ, ಒಂದಾದರೂ ‘ಗ’ ಇರಲೇಬೇಕು. ಆದ್ದರಿಂದ ಹೊನ್-ಗ. ಕರ್ತೃ ‘ನಿ’ ಬದಲು ‘ಗ’ಯಲ್ಲಿದ್ದಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಮರ ಬರೆಯುವಾಗ ಹೊನ್ ಹುಟ್ಟುವುದು ‘ಯೊಮ್’ ಪಕ್ಕ, ‘ಗ’ ಪಡೆಯುವುದು ಕಾಲಸೂಚಕದಿಂದ, ಮಕ್ಕಳು ಅದರ ಮೇಲೆ, ‘ವ’ ಹೊತ್ತ ರೂಪ ಎಲ್ಲದರ ತುದಿಯಲ್ಲಿ.

ಎರಡನೆಯದು: ತರೋ-ನೊ ಕತ್ತ ಕುರುಮ-ಗ ಹೊಶೀ ಹಿತೊ-ವ ಇನೈ. ‘ತರೋ ಕೊಂಡ ಕಾರು ಬೇಕೆನ್ನುವವರು ಇಲ್ಲ.’ ಕೊನೆಯ ‘ಇನೈ’ಗೆ (ಇಲ್ಲ) ಒಂದೇ ಪದ ಸಾಕು, ಹಾಗಾಗಿ ಹಿತೊ-ವ ಕೆಳಗೆ ‘ಗ’. ‘ಹಿತೊ’ವಿನ ಹಿಂದೆ ಒಂದು ಉಪವಾಕ್ಯ: ಸೊನ್ನೆ-ಗ ಕುರುಮ-ಗ ಹೊಶೀ, ಆ ಸೊನ್ನೆಯೇ ಹಿತೊ. ಹೊಶೀ ‘ನಿ’ಗೆ ಒಪ್ಪುವುದಿಲ್ಲವಾದ್ದರಿಂದ ಸೊನ್ನೆಗೆ ‘ಗ’ ಬರೆಯಬೇಕು. ಕಾರಿನ ಮೇಲಿನ ‘ಗ’ ಕರ್ಮದ್ದು. ‘ಕುರುಮ’ದ ಹಿಂದೆ ಇನ್ನೊಂದು ಉಪವಾಕ್ಯ: ತರೋ-ನೊ ಸೊನ್ನೆ-ಒ ಕತ್ತ. ‘ಕತ್ತ’ ಸಕರ್ಮಕ, ಕರ್ಮಕ್ಕೆ ‘ಒ’ ಸಲ್ಲಬೇಕು, ಹಾಗಿದ್ದೂ ‘ನೊ’ ಇಲ್ಲಿ ತಪ್ಪಾಗಲಿಲ್ಲ. ಯಾಕೆಂದರೆ ಆ ಕರ್ಮವೇ ಹೊರಬಂದು ‘ಕುರುಮ’ವಾಗಿ ಕೂತಿದೆ, ಒಳಗೆ ಉಳಿದಿರುವುದು ಸೊನ್ನೆ; ಸೊನ್ನೆಯ ‘ಒ’ ‘ನೊ’ವನ್ನು ತಡೆಯುವುದಿಲ್ಲ.